ಡಯಾಲಿಸಿಸ್ ರೋಗಿಗಳು ಓಡಾಡುವ ಕಾರಿಗೆ ಯುವಿ ದೀಪ ಇಡಬಹುದಾ?

ಹಾಸನದ ಎರ್ಟಿಗಾ:

ಎಲ್ಲರಿಗೂ ನಮಸ್ಕಾರ. ನನ್ನದು ಎರಡು ಎರ್ಟಿಗಾ ಇದೆ. ಸುತ್ತಲ ಹಳ್ಳಿಗಳಿಂದ ಡಯಾಲಿಸಿಸ್‌ಗೆ ಹೋಗುವವರನ್ನು ಬೆಳಿಗ್ಗೆ ಆಸ್ಪತ್ರೆಗೆ ಬಿಟ್ಟು, ಮಧ್ಯಾಹ್ನ ಮನೆಗೆ ಮುಟ್ಟಿಸುವುದು ನಮ್ಮ ಖಾಯಂ ಬಾಡಿಗೆ. ವಾಪಸ್ ಬರುವಾಗ ಕೆಲವರಿಗೆ ವಾಂತಿ ಆಗುತ್ತದೆ. ಸೂಜಿ ಹಾಕಿದ ಜಾಗದ ಬ್ಯಾಂಡೇಜ್ ನೆನೆದು ಸೀಟಿನ ಮೇಲೆ ರಕ್ತದ ಹನಿ ಬೀಳುವುದೂ ಉಂಟು. ಒಬ್ಬರಿಗೆ ಹೆಪಟೈಟಿಸ್ ಬಿ ಇದೆಯಂತೆ, ಅವರೇ ಹೇಳಿದರು. ಪಾಪ, ಅಷ್ಟು ನಿಜ ಹೇಳಿದವರಿಗೆ ಬೇರೆ ಗಾಡಿ ನೋಡಿಕೊಳ್ಳಿ ಅನ್ನೋಕೆ ಮನಸ್ಸು ಬರುವುದಿಲ್ಲ.

ಆನ್‌ಲೈನ್‌ನಲ್ಲಿ 36 ವ್ಯಾಟ್‌ನ ಯುವಿ-ಸಿ (ಕ್ರಿಮಿ ಕೊಲ್ಲುವ ಅತಿನೇರಳೆ ಬೆಳಕಿನ) ದೀಪ ನೋಡಿದೆ. ಟೇಬಲ್ ಲ್ಯಾಂಪ್ ಥರ ಇದೆ, ರಿಮೋಟ್ ಕೊಡುತ್ತಾರೆ. ಕೈಯಲ್ಲಿ ಹಿಡಿದು ಸೀಟಿನ ಮೇಲೆ ಆಡಿಸುವ ಕಡ್ಡಿಯೂ ಸಿಗುತ್ತದೆ. ಇವು ಕೆಲಸ ಮಾಡುತ್ತವಾ? ಗಾಜು ಏರಿಸಿ ಒಳಗೆ ದೀಪ ಹಚ್ಚಿದರೆ ಹೊರಗಿದ್ದವರಿಗೆ ತೊಂದರೆ ಇದೆಯಾ? ಕಾರು ಮನೆ ಅಂಗಳದಲ್ಲೇ ನಿಲ್ಲುವುದು, ಚಿಕ್ಕ ಮಕ್ಕಳಿದ್ದಾರೆ. ಸೀಟು, ಡ್ಯಾಶ್‌ಬೋರ್ಡ್ ಹಾಳಾಗುತ್ತವಾ?

ಮೈಸೂರು ಡೀಟೇಲಿಂಗ್:

ಸೀಟಿನ ಬಗ್ಗೆ ಮಾತ್ರ ಹೇಳುತ್ತೇನೆ ಸರ್. ದಿನಾ ಯುವಿ ಬಿದ್ದರೆ ಪ್ಲಾಸ್ಟಿಕ್ ಹಳದಿ ಆಗುತ್ತದೆ, ರಬ್ಬರ್ ಬಿರುಕು ಬಿಡುತ್ತದೆ, ಬಟ್ಟೆಯ ಬಣ್ಣ ಮಂಕಾಗುತ್ತದೆ. ಅಪರೂಪಕ್ಕೆ ಇಟ್ಟರೆ ಗೊತ್ತಾಗುವುದಿಲ್ಲ. ಇನ್ನೊಂದು, ನೇರಳೆ ಬಣ್ಣದ ಎಲ್‌ಇಡಿ ಪಟ್ಟಿಗಳನ್ನು ಯುವಿ ಅಂತ ಮಾರುತ್ತಾರೆ. ಅದರಲ್ಲಿ 395 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದ) ಅಂತ ಬರೆದಿದ್ದರೆ ಅದು ಪಾರ್ಟಿಗೆ ಸರಿ, ಕ್ರಿಮಿಗೆ ಅಲ್ಲ.

ಶಿವಮೊಗ್ಗ ಬಯೋಮೆಡಿಕಲ್:

ಅಣ್ಣಾ, ಆಪರೇಷನ್ ಥಿಯೇಟರಿನ ಯುವಿ ದೀಪಗಳನ್ನು ನೋಡಿಕೊಳ್ಳುವುದೂ ನನ್ನ ಕೆಲಸದಲ್ಲಿ ಸೇರಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಳ್ಳೆ ಯುವಿ-ಸಿ ಟ್ಯೂಬ್ ಕ್ರಿಮಿ ಕೊಲ್ಲುತ್ತದೆ, ಅದರಲ್ಲಿ ಅನುಮಾನ ಬೇಡ. ಮನೆಯ ವಾಟರ್ ಫಿಲ್ಟರ್‌ನಲ್ಲಿ ಯುವಿ ಇದ್ದರೆ ಅದೂ ಸಾಮಾನ್ಯವಾಗಿ ಇದೇ ಜಾತಿಯ ಪಾದರಸದ ಟ್ಯೂಬ್, 254 ನ್ಯಾನೋಮೀಟರ್ ಬೆಳಕು. ಆದರೆ ಫಿಲ್ಟರ್‌ನಲ್ಲಿ ತಿಳಿನೀರು ಟ್ಯೂಬಿನ ಪಕ್ಕದಲ್ಲೇ ಹರಿಯುತ್ತದೆ. ಕಾರಿನಲ್ಲಿ ಎಲ್ಲ ಕಡೆ ನೆರಳು. ಬೆಲ್ಟ್ ಸಿಕ್ಕಿಸುವ ಬಕಲ್ ಸಂದು, ಸೀಟಿನ ಹೊಲಿಗೆ, ಬಾಗಿಲ ಹಿಡಿಯ ಒಳಮೈ, ಮುಂದಿನ ಸೀಟಿನ ಬೆನ್ನು. ಜನ ಕೈ ಹಾಕುವುದೇ ಅಲ್ಲಿ, ಬೆಳಕು ಹೋಗದಿರುವುದೂ ಅಲ್ಲೇ. ದೂರ ಹೆಚ್ಚಾದ ಹಾಗೆ ಬೆಳಕಿನ ಬಲವೂ ಬೇಗ ಇಳಿಯುತ್ತದೆ. ಮಧ್ಯದ ಸೀಟಿನಲ್ಲಿ ದೀಪ ಇಟ್ಟರೆ ಮಧ್ಯದ ಸೀಟಿಗೆ ಒಳ್ಳೆ ಪೆಟ್ಟು, ಡಿಕ್ಕಿ ಪಕ್ಕದ ಸೀಟಿಗೆ ಚೂರುಪಾರು.

ಇನ್ನು ರಕ್ತದ ವಿಷಯ. ನಿಮಗೆ ನಿಜವಾಗಿ ಬೇಕಾದದ್ದು ಇದು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ 7 ದಿನ ಬದುಕಿರಬಲ್ಲದು. ಒಣಗಿದ ಹನಿ ಮೇಲೆ ಯುವಿ ಬಿಟ್ಟರೆ ಮೇಲಿನ ಪದರದಲ್ಲೇ ನಿಂತುಹೋಗುತ್ತದೆ, ಕೆಳಗಿರುವುದು ಹಾಗೇ ಇರುತ್ತದೆ. ವಾಂತಿಗೂ ಅಷ್ಟೇ, ಸೀಟಿನ ಎಣ್ಣೆ ಜಿಡ್ಡಿಗೂ ಅಷ್ಟೇ.

ಆದ್ದರಿಂದ ಮೊದಲು ಬಟ್ಟೆ ಸೀಟಿಗೆ ರೆಕ್ಸಿನ್ ಕವರ್ ಹಾಕಿಸಿ. ದೀಪಕ್ಕಿಂತ ಅದಕ್ಕೆ ದುಡ್ಡು ಹಾಕುವುದು ಮೇಲು. ರಕ್ತ ಬಿದ್ದರೆ ಗ್ಲೌಸ್ ಹಾಕಿಕೊಂಡು ಟಿಶ್ಯೂನಲ್ಲಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಆಮೇಲೆ 1 ಪರ್ಸೆಂಟ್ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರವ) ಹಾಕಿ 10 ನಿಮಿಷ ಬಿಡಿ, ನಂತರ ನೀರಿನ ಬಟ್ಟೆಯಲ್ಲಿ ಒರೆಸಿ. ಕ್ಯಾನ್ ಮೇಲೆ 5 ಪರ್ಸೆಂಟ್ ಎಂದಿದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಬಾಗಿಲು ತೆರೆದಿಟ್ಟೇ ಮಾಡಿ. ಟಾಯ್ಲೆಟ್ ಆಸಿಡ್ ಜೊತೆ ಅದನ್ನು ಬೆರೆಸಲೇಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ. ಹೈಪೋ ಲೋಹವನ್ನು ತಿನ್ನುತ್ತದೆ. ಬಕಲ್, ಹಿಡಿಗಳನ್ನು 70 ಪರ್ಸೆಂಟ್ ಸ್ಪಿರಿಟ್‌ನಲ್ಲಿ ಒರೆಸಿ. ಸ್ಪಿರಿಟ್ ಆರುವವರೆಗೆ ಬೀಡಿ ಸಿಗರೇಟು ಹತ್ತಿರ ಬೇಡ. ವಾಂತಿಗೆ ಒಂದು ಜಿಪ್ ಇರುವ ಕವರ್ ಪ್ರತಿ ಸೀಟಿನ ಹಿಂದೆ ಇಟ್ಟರೆ ಅರ್ಧ ಕೆಲಸ ಕಡಿಮೆ.

ಇಷ್ಟಾದ ಮೇಲೂ ದೀಪ ಬೇಕು ಎಂದರೆ ಇಡಿ. ಆದರೆ ಮನುಷ್ಯರ ಲೆಕ್ಕ ಕೇಳಿ. 254 ನ್ಯಾನೋಮೀಟರ್ ಬೆಳಕಿಗೆ ಬಹಳ ಕಾಲದಿಂದ ಬಳಸುತ್ತಿರುವ ಮಿತಿ, ದಿನದ 8 ಗಂಟೆಗೆ ಚದರ ಸೆಂಟಿಮೀಟರಿಗೆ 6 ಮಿಲಿಜೂಲ್. 36 ವ್ಯಾಟ್ ಟ್ಯೂಬಿನಿಂದ ಒಂದು ಮೀಟರ್ ದೂರ ನಿಂತರೆ ಆ ಇಡೀ ದಿನದ ಕೋಟಾ ಸುಮಾರು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಆ ಕ್ಷಣಕ್ಕೆ ಏನೂ ಅನ್ನಿಸುವುದಿಲ್ಲ, ಅದೇ ಕೆಟ್ಟದ್ದು. ಕೆಲವು ಗಂಟೆ ಕಳೆದ ಮೇಲೆ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ನೀರು ಸುರಿಯುತ್ತದೆ. ಕಪ್ಪು ಗಾಜಿಲ್ಲದೆ ವೆಲ್ಡಿಂಗ್ ನೋಡಿದವರು ರಾತ್ರಿ ನಿದ್ದೆಗೆಡುವುದೂ ಇದರಿಂದಲೇ. ಚರ್ಮವೂ ಸುಡುತ್ತದೆ.

ಕಡ್ಡಿ ಮಾತ್ರ ಖಂಡಿತ ಬೇಡ. 2022ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಕೆಲವು ಕಡ್ಡಿಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಎರಡು ಇಂಚು ದೂರದಲ್ಲಿ ಮಿತಿಗಿಂತ 3,000 ಪಟ್ಟು ತನಕ ಬೆಳಕು ಬರುತ್ತಿತ್ತು. ಇನ್ನೊಂದು ಕಡೆ, ಸುಮ್ನೆ ಆಡಿಸುತ್ತಾ ಹೋದರೆ ಯಾವ ಜಾಗಕ್ಕೆ ಎಷ್ಟು ಬಿತ್ತು ಎಂದು ಹೇಗೆ ತಿಳಿಯುವುದು?

ಗಾಜಿನ ಪ್ರಶ್ನೆಗೆ: ಕಾರಿನ ಗಾಜು ಯುವಿ-ಸಿಯನ್ನು ತಡೆಯುತ್ತದೆ. ಹೊರಗಿನಿಂದ ಕಾಣುವ ನೀಲಿ ಬೆಳಕು ಯುವಿ-ಸಿ ಅಲ್ಲ, ಯುವಿ-ಸಿ ಕಣ್ಣಿಗೆ ಕಾಣುವುದೇ ಇಲ್ಲ. ಅಪಾಯ ಇರುವುದು ಯಾರಾದರೂ ಬಾಗಿಲು ತೆರೆದಾಗ. ವೈರ್ ತೂರಿಸಲು ಗಾಜು ಇಳಿಸಿದ್ದರೆ ಉಳಿದ ಸಂದಿಗೆ ದಪ್ಪ ರಟ್ಟು ಮುಚ್ಚಿ. ರಿಮೋಟ್ ನಂಬಬೇಡಿ, ಮಕ್ಕಳ ಕೈಗೆ ಸಿಗುತ್ತದೆ. ಪ್ಲಗ್ಗು, ಸ್ವಿಚ್ಚು ಎರಡೂ ಕಾರಿನ ಹೊರಗೆ ಇರಲಿ. ಹಚ್ಚುವ ಮುಂಚೆ ಹಿಂದಿನ ಸೀಟಿನ ತನಕ ಬಗ್ಗಿ ನೋಡಿ, ಮಗುವೋ ಬೆಕ್ಕೋ ಇರಬಹುದು. ಲಾಕ್ ಮಾಡಿ ಕೀ ಜೇಬಿಗೆ ಹಾಕಿಕೊಳ್ಳಿ. ನಮ್ಮ ಡಿಆರ್‌ಡಿಒದವರು 2020ರಲ್ಲಿ ಕೋಣೆ ಶುದ್ಧ ಮಾಡುವ ಯುವಿ ಬ್ಲಾಸ್ಟರ್ ಎಂಬ ಯಂತ್ರ ಮಾಡಿದರಲ್ಲ, ಅದರಲ್ಲಿ 43 ವ್ಯಾಟ್‌ನ 6 ದೀಪ. ಕೋಣೆ ಬಾಗಿಲು ತೆರೆದರೆ ತಾನೇ ಆರಿಹೋಗುವ ಹಾಗೆ ಮಾಡಿದ್ದರು. ನಿಮ್ಮ ಟೇಬಲ್ ಲ್ಯಾಂಪಿಗೆ ಆ ಬುದ್ಧಿ ಇರುತ್ತದೆ ಅಂದುಕೊಳ್ಳಬೇಡಿ.

ಬೆಂಗಳೂರು ರೂಟ್:

ಶಾಂಘೈನಲ್ಲಿ ಬಸ್ಸುಗಳಿಗೆ ಯುವಿ ಹಾಕಿದ್ದರಲ್ವಾ? ಐದೇ ನಿಮಿಷ ಅಂತ ಓದಿದ ನೆನಪು.

ಶಿವಮೊಗ್ಗ ಬಯೋಮೆಡಿಕಲ್:

ಹೌದು, 2020ರಲ್ಲಿ. ಬಸ್ ತೊಳೆಯುವ ಶೆಡ್ಡಿನಲ್ಲಿ 210 ಟ್ಯೂಬ್ ಕೂಡಿಸಿದ್ದರು. 40 ನಿಮಿಷದ ಕೆಲಸ 5 ನಿಮಿಷಕ್ಕೆ ಇಳಿಯಿತು ಎಂದು ಸುದ್ದಿಯಾಗಿತ್ತು. ಸ್ವಿಚ್ ಒತ್ತುವ ಸಿಬ್ಬಂದಿ ಹೊರಗೆ, ಬಸ್ಸಿನಲ್ಲಿ ಯಾರೂ ಇಲ್ಲ. 210 ಟ್ಯೂಬಿಗೂ ನಮ್ಮ ಅಂಗಳದ ಒಂದು ಟ್ಯೂಬಿಗೂ ಎಲ್ಲಿಯ ಹೋಲಿಕೆ? ಹೊರಗಿನ ಟ್ಯೂಬಿನ ಯುವಿ-ಸಿ ಕಿಟಕಿ ಗಾಜು ದಾಟಿ ಸೀಟಿಗೆ ಬರುವುದಿಲ್ಲ ಎನ್ನುವುದೂ ನೆನಪಿರಲಿ. ಒಳಗೆ ಬೇರೆ ದೀಪ ಬೇಕೇ ಬೇಕು.

ಅಮೆರಿಕದಲ್ಲಿ ಅದೇ ವರ್ಷ ಫೋರ್ಡ್‌ನವರು ಪೊಲೀಸ್ ಗಾಡಿಗೆ ಬೇರೆ ದಾರಿ ಹಿಡಿದರು. ಎಂಜಿನ್ನಿನ ಶಾಖದಿಂದಲೇ ಗಾಡಿಯ ಒಳಗನ್ನು 56 ಡಿಗ್ರಿ ದಾಟಿಸಿ 15 ನಿಮಿಷ ಇಡುವುದು. ಬಿಸಿ ಸಂದುಗೊಂದಿಗೂ ನುಗ್ಗುತ್ತದೆ, ಬೆಳಕಿನ ಹಾಗೆ ನೆರಳು ಬೀಳುವುದಿಲ್ಲ. ಆದರೆ ಅದು ಕೊರೊನಾಗೆ ಮಾಡಿದ್ದು. ಒಣ ರಕ್ತಕ್ಕೆ ಅದನ್ನು ನಂಬಬೇಡಿ.

ಹಾಸನದ ಎರ್ಟಿಗಾ:

ತುಂಬಾ ಥ್ಯಾಂಕ್ಸ್ ಸರ್. ರೆಕ್ಸಿನ್ ಕವರ್‌ಗೆ ಇವತ್ತೇ ಆರ್ಡರ್ ಕೊಟ್ಟೆ. ಎರಡು ಸಣ್ಣ ಪ್ರಶ್ನೆ. ಯಾರಾದರೂ ಕೆಮ್ಮುತ್ತಾ ಬಂದರೆ ಪಕ್ಕದವರಿಗೆ ಈ ದೀಪದಿಂದ ಏನಾದರೂ ಉಪಯೋಗ? ಮತ್ತೆ ಕಾರಲ್ಲಿ ಟ್ಯೂಬ್ ಒಡೆದರೆ?

ಶಿವಮೊಗ್ಗ ಬಯೋಮೆಡಿಕಲ್:

ಕೆಮ್ಮಿಗೆ ಉಪಯೋಗ ಇಲ್ಲ ಅಣ್ಣಾ. ಪಕ್ಕದವರು ಉಸಿರಾಡಿದ್ದು ಪ್ರಯಾಣದಲ್ಲಿ, ನೀವು ದೀಪ ಹಚ್ಚುವುದು ಅವರೆಲ್ಲ ಇಳಿದ ಮೇಲೆ. ಕಿಟಕಿ ಇಳಿಸಿ, ಕೆಮ್ಮುವವರಿಗೆ ಮಾಸ್ಕ್ ಕೊಡಿ. ಏಸಿ ಹಾಕಲೇಬೇಕಾದರೆ ಹೊರಗಿನ ಗಾಳಿ ಬರುವ ಕಡೆಗೆ ಲಿವರ್ ತಿರುಗಿಸಿ, ಒಳಗಿನ ಗಾಳಿಯನ್ನೇ ಸುತ್ತಿಸಬೇಡಿ.

ಟ್ಯೂಬ್ ಒಡೆದರೆ ಒಳಗಿನ ಪಾದರಸ ಹೊರಬರುತ್ತದೆ. ಸ್ವಲ್ಪವೇ ಇರುತ್ತದೆ, ಆದರೂ ಮುಚ್ಚಿದ ಕಾರಿನಲ್ಲಿ ಬೇಡ. ಪ್ಲಗ್ ತೆಗೆದು, ಎಲ್ಲ ಬಾಗಿಲು ತೆರೆದು ದೂರ ಹೋಗಿ. ಸ್ವಲ್ಪ ಹೊತ್ತಿನ ಮೇಲೆ ಗ್ಲೌಸ್ ಹಾಕಿಕೊಂಡು ದೊಡ್ಡ ಚೂರುಗಳನ್ನು ರಟ್ಟಿನಲ್ಲಿ ಎತ್ತಿ, ಪುಡಿಯನ್ನು ಅಂಟು ಟೇಪಿನಲ್ಲಿ ತೆಗೆದು, ಮುಚ್ಚಳದ ಡಬ್ಬಿಗೆ ಹಾಕಿ. ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ, ಪಾದರಸದ ಆವಿಯನ್ನು ಅದು ಗಾಳಿಗೆ ಹರಡುತ್ತದೆ.

ಕೊಳ್ಳುವಾಗ ಓಜೋನ್ ಬಿಡದ ಟ್ಯೂಬ್ ಕೇಳಿ. 185 ನ್ಯಾನೋಮೀಟರ್ ಕೂಡ ಬಿಡುವ ಟ್ಯೂಬ್ ಗಾಳಿಯಲ್ಲಿ ಓಜೋನ್ ಹುಟ್ಟಿಸುತ್ತದೆ, ಅದು ಗಂಟಲಿಗೂ ರಬ್ಬರಿಗೂ ಕೆಟ್ಟದ್ದು. ಯಾವುದೇ ಆಗಲಿ, ಆರಿಸಿದ ಮೇಲೆ ಬಾಗಿಲು ತೆರೆದು ಗಾಳಿ ಆಡಿಸಿ ನಂತರ ಜನರನ್ನು ಕೂರಿಸಿ. ಟ್ಯೂಬಿನ ಮೇಲೆ ಬೆರಳಿನ ಗುರುತು ಬಿದ್ದಿದ್ದರೆ ತಣ್ಣಗಾದ ಮೇಲೆ ಸ್ಪಿರಿಟ್‌ನಲ್ಲಿ ಒರೆಸಿ.