ನಾಟಕಕ್ಕೆ ಹಳೇ ಮಿಲಿಟರಿ ಬಂದೂಕಿನ ಡಮ್ಮಿ ಮಾಡ್ಬೇಕು, ಸಾಮಾನು ಎಲ್ಲಿ ಸಿಗ್ತದೆ?

ಮಲ್ಪೆ_ರಂಗ:
ಎಲ್ರಿಗೂ ನಮಸ್ಕಾರ. ನಮ್ಮ ತಂಡದ್ದು ಬ್ರಿಟಿಷ್ ಕಂಪೆನಿ ವಿರುದ್ಧ ಎದ್ದ ಅಮರ ಸುಳ್ಯ ದಂಗೆ ಬಗ್ಗೆ ನಾಟಕ ಉಂಟು, ಕಂಪೆನಿ ಸಿಪಾಯಿಗಳ ಕೈಗೆ ಬಂದೂಕು ಬೇಕು. ಗುಂಡು ಹಾರುದೆಲ್ಲ ಬೇಡ, ನೋಡ್ಲಿಕ್ಕೆ ಅಸಲಿ ತರ ಕಂಡ್ರೆ ಸಾಕು. ಬಾಡಿಗೆಗೆ ಕೇಳಿದ್ರೆ ಥರ್ಮಾಕೋಲಿಂದು ಕೊಡ್ತಾರೆ, ಎರಡನೇ ಶೋಗೇ ಮೂತಿ ಮುರಿದು ಕೈಗೆ ಬರ್ತದೆ. ಡೈರೆಕ್ಟರಿಗೆ ತ್ರೀ ನಾಟ್ ತ್ರೀ ಮಾಡೆಲ್ಲೇ ಆಗ್ಬೇಕಂತೆ, ಹಿಂದೆ ಪೊಲೀಸರ ಹತ್ರ ಇರ್ತಿತ್ತಲ್ಲ ಅದು. ಹೊರದೇಶದ ಸೈಟಲ್ಲಿ ಹಳೇ ಬೋಲ್ಟು, ಮರದ ಹಿಡಿ ಎಲ್ಲ ಬಿಡಿಬಿಡಿಯಾಗಿ ಮಾರ್ತಾರೆ, ಒಂದು ಸೆಟ್ ತರಿಸಿ ಅದನ್ನು ನೋಡಿ ಬಾಕಿದ್ದು ಇಲ್ಲೇ ಮಾಡ್ಸುವ ಅಂತ ಉಂಟು. ಉಡುಪಿ ಮಂಗಳೂರಲ್ಲಿ ಎಲ್ಲಿ ಕೇಳ್ಬೋದು?

ಪುತ್ತೂರು_ಭಟ್ರು:
ಮಾರಾಯ್ರೇ ಮೊದ್ಲು ಆ ಸೈಟ್ ಬಂದ್ ಮಾಡಿ. 1959ರ ಆರ್ಮ್ಸ್ ಆಕ್ಟಲ್ಲಿ ಆಯುಧ ಅಂದ್ರೆ ಇಡೀ ಬಂದೂಕು ಮಾತ್ರ ಅಲ್ಲ, ಅದರ ಬಿಡಿಭಾಗವೂ ಆಯುಧವೇ. ಲೈಸೆನ್ಸ್ ಇಲ್ದೆ ಬೋಲ್ಟೋ ಬ್ಯಾರಲ್ಲೋ ತರಿಸಿದ್ರೆ ಮತ್ತೆ ನಾಟಕ ಕೋರ್ಟಲ್ಲಿ ಆಡ್ಬೇಕಾದೀತು. ತೋಟಕ್ಕೆ ಹಂದಿ ಬರ್ತದೆ ಅಂತ ಲೈಸೆನ್ಸ್ ಮಾಡಿಸಿ ಕೋವಿ ಇಟ್ಕೊಂಡವ್ರೇ ಎಲೆಕ್ಷನ್ ಬಂದಾಗ ಸ್ಟೇಷನಿಗೆ ಹೊತ್ಕೊಂಡು ಹೋಗಿ ಡೆಪಾಸಿಟ್ ಮಾಡ್ತಾರೆ, ನಿಮ್ಮದು ಎಂತ ಕಥೆ.

ಮತ್ತೊಂದು, ತ್ರೀ ನಾಟ್ ತ್ರೀ ಈ ನಾಟಕಕ್ಕೆ ಆಗುದೇ ಇಲ್ಲ. ದಂಗೆಯವ್ರು ಮಂಗಳೂರಿನ ಬಾವುಟಗುಡ್ಡೆಗೆ ಬಂದು ಬಾವುಟ ಹಾರಿಸಿದ್ದು 1837ರ ಏಪ್ರಿಲ್ 5ಕ್ಕೆ, ನಿಮ್ಮ ಡೈರೆಕ್ಟರ್ ಹೇಳುವ ತ್ರೀ ನಾಟ್ ತ್ರೀ, ಅಂದ್ರೆ ಲೀ ಎನ್‌ಫೀಲ್ಡ್ ಮಾರ್ಕ್ ತ್ರೀ ಬಂದದ್ದು 1907ರಲ್ಲಿ. ಕಂಪೆನಿ ಸಿಪಾಯಿ ಹಿಡಿತಿದ್ದದ್ದು ಬ್ರೌನ್ ಬೆಸ್, ಅದರಲ್ಲೂ ಇಂಡಿಯಾ ಪ್ಯಾಟರ್ನ್ ಅಂತ. ನಳಿಗೆಯ ಬಾಯಿಯಿಂದ ಮದ್ದು ತುಂಬುದು, ಚಕಮಕಿ ಕಲ್ಲಿನ ಕಿಡಿಗೆ ಹೊಡೆಯುದು, ನಮ್ಮ ಅಜ್ಜಂದಿರ ಕೇಪಿನ ಕೋವಿಗಿಂತಲೂ ಹಿಂದಿನ ಕಾಲದ್ದು. ನಳಿಗೆಯೇ 39 ಇಂಚು, ಇಡೀ ಉದ್ದ ಸುಮಾರು 55 ಇಂಚು. ಬೋಲ್ಟ್ ಇಲ್ಲ ಮ್ಯಾಗಜಿನ್ ಇಲ್ಲ, ಮಾಡ್ಲಿಕ್ಕೂ ಸುಲಭ.

ಕಾರ್ಕಳ_ಮರಗೆಲಸ:
ಹೌದು ಅದನ್ನೇ ಮಾಡಿ. ಮರಕ್ಕೆ ಹೊಸ ಸಾಗುವಾನಿಗೆ ದುಡ್ಡು ಹಾಕ್ಬೇಡಿ, ಹಳೇ ಹಂಚಿನ ಮನೆ ಬಿಚ್ಚಿದ ಪಕ್ಕಾಸು (ಮಾಡಿನ ಉದ್ದ ಮರದ ಪಟ್ಟಿ) ಮಾರ್ಲಿಕ್ಕೆ ಇಟ್ಟಿರ್ತಾರಲ್ಲ ಅದು ತಗೊಳ್ಳಿ, ವರ್ಷಗಟ್ಲೆ ಒಣಗಿದ ಮರ, ಮಳೆಗಾಲಕ್ಕೂ ಅಲ್ಲಾಡುದಿಲ್ಲ. ಹಸಿ ಮ್ಯಾಂಜಿಯಂ ಮರ ತಂದ್ರೆ ಜೂನಲ್ಲಿ ಬಂದೂಕು ನೇಂದ್ರ ಬಾಳೆಕಾಯಿ ಹಾಗೆ ಬಗ್ಗಿರ್ತದೆ. ಒಂದೇ ತೊಂದರೆ, ಪಕ್ಕಾಸಿನ ಅಗಲ ಹಿಂದಿನ ಹಿಡಿಗೆ ಸಾಲುದಿಲ್ಲ, ಹೆಗಲಿಗೆ ಕೊಡುವಲ್ಲಿ ಕೆಳಗಿಂದ ಇನ್ನೊಂದು ತುಂಡು ಫೆವಿಕಾಲ್ ಹಾಕಿ ಕ್ಲ್ಯಾಂಪಲ್ಲಿ ರಾತ್ರಿಯಿಡೀ ಬಿಟ್ಟು ಕೂಡಿಸ್ಬೇಕು, ಆದ್ರೆ ಕೈ ಹಿಡಿಯುವ ಸಪೂರ ಜಾಗದಲ್ಲಿ ಜೋಡಣೆ ಬರ್ಬಾರ್ದು, ಮುರಿಯುದು ಯಾವಾಗ್ಲೂ ಅಲ್ಲೇ.

ನಳಿಗೆಗೆ ಕಬ್ಬಿಣದ ಪೈಪ್ ಬೇಡವೇ ಬೇಡ. ವಯರಿಂಗಿನ 25 ಎಂಎಂ ಪಿವಿಸಿ ಪೈಪ್ ಸಾಕು, ಒಳಗೆ ಮರದ ಕೋಲು ಜಡಿದು ಅಂಟಿಸಿ, ಬಾಯಿ ಹತ್ರ ಒಂದಿಂಚು ಮಾತ್ರ ಟೊಳ್ಳು ಬಿಡಿ. ಪೊಲೀಸರು ಕೇಳಿದ್ರೂ ಕಡ್ಡಿ ತುರುಕಿ ತೋರಿಸ್ಬೋದು. ಪೇಂಟ್ ಮ್ಯಾಟ್ ಹೊಡೀರಿ, ಹೊಳಪು ಪೇಂಟ್ ಆದ್ರೆ ಲೈಟ್ ಬಿದ್ದ ಕೂಡ್ಲೇ ಪ್ಲಾಸ್ಟಿಕ್ ಅಂತ ಹಿಂದಿನ ಸಾಲಿನವ್ರಿಗೂ ಗೊತ್ತಾಗ್ತದೆ. ಟ್ರಿಗರ್ ಎಳೆಯುವಲ್ಲಿ ಕೆಳಗಿನ ಕಾವಲು ಬಳೆ, ಹಿಂದಿನ ತಟ್ಟೆ, ಗಜ (ಮದ್ದು ಜಡಿಯುವ ಕೋಲು) ಸಿಕ್ಕಿಸುವ ಕೊಳವೆ ಇದೆಲ್ಲ ಹಿತ್ತಾಳೆಯದ್ದೇ ಇತ್ತು, ಅದಕ್ಕೆ ಹಿತ್ತಾಳೆ ತಗಡನ್ನೇ ಹಾಕಿ. ಮಂಗಳೂರು ಬಂದರ್ ಕಡೆ ಹಾರ್ಡ್‌ವೇರ್ ಅಂಗಡಿ, ಗುಜರಿ ಅಂಗಡಿ ಎಲ್ಲ ಒಂದು ಸುತ್ತು ಹಾಕಿ. ಕಾಸು ಉಳಿಸ್ಬೇಕಿದ್ರೆ ಯಕ್ಷಗಾನದ ವೇಷಕ್ಕೆ ಅಂಟಿಸುವ ಹೊಳೆಯುವ ಹಾಳೆ, ಬೇಗಡೆ ಉಂಟಲ್ಲ, ದೂರಕ್ಕೆ ಅದೂ ನಡೀತದೆ, ನನಗೆ ಮಾತ್ರ ಅಷ್ಟು ಸಮಾಧಾನ ಇಲ್ಲ.

ಮಣಿಪಾಲ_ತ್ರೀಡಿ:
ಪಕ್ಕದ ಲಾಕ್ ಪ್ಲೇಟು, ಕುದುರೆ (ಚಕಮಕಿ ಕಲ್ಲು ಕಚ್ಚಿ ಬಡಿಯುವ ಭಾಗ), ರಂಜಕ ಅಂದ್ರೆ ಕಿಡಿ ಹತ್ತುವ ಮದ್ದು ಹಾಕುವ ಬಟ್ಟಲು ಮೂರೂ ತ್ರೀಡಿ ಪ್ರಿಂಟಲ್ಲಿ ಆಗ್ತದೆ. ಕುದುರೆಗೆ ಒಂದು ಬೋಲ್ಟು ವಾಷರ್ ಹಾಕಿದ್ರೆ ಹಿಂದೆ ಮುಂದೆ ತಿರುಗ್ತದೆ, ಚಕಮಕಿ ಕಲ್ಲಿನ ಬದ್ಲು ಎಂ-ಸೀಲ್ ಉಂಡೆ. ಪ್ಲೇಟಲ್ಲಿ ಕಿರೀಟ ಹಿಡ್ಕೊಂಡು ನಿಂತ ಸಿಂಹದ ಗುರ್ತು ಹಾಕ್ಲಿಕ್ಕೆ ಮರೀಬೇಡಿ, ಕಂಪೆನಿಯ ಮಾರ್ಕು ಅದು.

ಮಲ್ಪೆ_ರಂಗ:
ಭಾರೀ ಉಪಕಾರ ಆಯ್ತು. ಬಂದೂಕಿನ ಬಾಯಲ್ಲಿ ಸಣ್ಣ ಪಟಾಕಿ ಇಟ್ಟು ಶಬ್ದ ಹೊಗೆ ಬರ್ಸಿದ್ರೆ ಹೇಗೆ?

ಪುತ್ತೂರು_ಭಟ್ರು:
ಬೇಡಪ್ಪ, ಹುಡುಗ್ರ ಮುಖದ ಹತ್ರ ಇರ್ತದೆ ಅದು. ಶಬ್ದ ಸ್ಪೀಕರಲ್ಲಿ ಬಿಡಿ, ಹೊಗೆಗೆ ಸ್ಟೇಜಿನ ಪಕ್ಕದ ವಿಂಗಲ್ಲಿ ಮೆಷಿನ್ ಇಡಿ. ಅದಕ್ಕಿಂತ ತುಂಬುವುದನ್ನೇ ಸರಿ ಕಲ್ಸಿ: ಕಾಗದದ ತೋಟಾ ಹಲ್ಲಲ್ಲಿ ಹರಿಯುದು, ಬಟ್ಟಲಿಗೆ ಒಂಚೂರು ಮದ್ದು, ಬಾಕಿದ್ದು ನಳಿಗೆಗೆ, ಗಜ ಹಾಕಿ ಜಡಿಯುದು. ಪಳಗಿದ ಸಿಪಾಯಿಗೂ ನಿಮಿಷಕ್ಕೆ ಮೂರು ಗುಂಡು ಅಷ್ಟೇ. ಅವನು ಜಡಿತಾ ಇರುವಾಗ ದಂಗೆಯವ್ರು ಮೇಲೆ ಬೀಳ್ತಾರೆ ಅಂದ್ರೆ ಸೀನೇ ಬೇರೆ ಆಗ್ತದೆ. ಮತ್ತೆ ಪ್ರಯೋಗದ ದಿನ ಹತ್ತಿರದ ಸ್ಟೇಷನಿಗೆ ತಂಡದ ಲೆಟರ್ ಕೊಟ್ಟಿಡಿ, ಬಸ್ಸಲ್ಲಿ ಬಟ್ಟೆ ಸುತ್ತದೆ ತರ್ಬೇಡಿ.

ಮಲ್ಪೆ_ರಂಗ:
ಸರಿ, ಡೈರೆಕ್ಟರಿಗೆ ಈ ಮೆಸೇಜೇ ಕಳಿಸ್ತೇನೆ. ಕಾಪು ಬ್ರಹ್ಮಾವರ ಕಡೆ ಯಾರಾದ್ರೂ ಮನೆ ಬಿಚ್ಚಿಸ್ತಾ ಇದ್ರೆ ಹೇಳಿ, ಐದಡಿ ಪಕ್ಕಾಸು ಆರು ತುಂಡು ಬೇಕು.