ಗೆಳತಿಯರಿಗೆ ಮಳೆ ಹಾಡುಗಳ ಪಟ್ಟಿ: ಅನುಭವ ಇದ್ದವರು ಹೇಳಿ

ಕೇಳಿದವರು, ಬೆಂಗಳೂರು
ನಾವು ಐದು ಜನ ಹಾಸ್ಟೆಲ್ ಗೆಳತಿಯರು. ಈಗ ಒಬ್ಬಳು ಹುಬ್ಬಳ್ಳಿ, ಒಬ್ಬಳು ದುಬೈ, ಒಬ್ಬಳು ನ್ಯೂಜೆರ್ಸಿ, ಇಬ್ಬರು ಇಲ್ಲೇ. ತಿಂಗಳಿಗೊಬ್ಬರು ಒಂದು ವಿಷಯ ಹಿಡಿದು ಹಾಡು ಜೋಡಿಸಿ ಮಿಕ್ಕವರಿಗೆ ಕಳಿಸಬೇಕು ಅಂತ ಮಾತಾಗಿದೆ. ಜೂನ್ ನನ್ನ ಸರದಿ, ವಿಷಯ ಮಳೆ. ಹುಡುಕುತ್ತಾ ಕೂತರೆ ಅರವತ್ತು ಹಾಡು ದಾಟಿತು, ಯಾವುದನ್ನೂ ಬಿಡೋಕೆ ಮನಸ್ಸಿಲ್ಲ. ಎಷ್ಟು ಇಡಬೇಕು? ಯಾವುದಾದ ಮೇಲೆ ಯಾವುದು? ಎಲ್ಲರ ಫೋನಲ್ಲೂ ಒಂದೇ ಆ್ಯಪ್ ಇಲ್ಲ, ಅದಕ್ಕೆ ನೀವೆಲ್ಲ ಏನು ಮಾಡ್ತೀರಿ?

ತುಮಕೂರು, ಹಿಂದೆ ಕ್ಯಾಸೆಟ್ ಅಂಗಡಿ ಇತ್ತು
ಎಷ್ಟು ಅನ್ನೋದಕ್ಕೆ ಉತ್ತರ ಹಳೇದೇ ಇದೆ ಕಣಮ್ಮ. ತೊಂಬತ್ತರ ದಶಕದಲ್ಲಿ ಜನ ಚೀಟೀಲಿ ಹಾಡು ಬರ್ಕೊಂಡು ಬರೋರು, ನಾವು ತುಂಬಿಸಿ ಕೊಡ್ತಿದ್ವಿ. (ಹಕ್ಕುಸ್ವಾಮ್ಯ ಅಂತ ಯಾರೂ ಕೇಳ್ತಿರ್ಲಿಲ್ಲ. ಕೇಳಿದ್ರೆ ಬಾಗಿಲು ಹಾಕ್ಬೇಕಿತ್ತು.) 60 ನಿಮಿಷದ ಕ್ಯಾಸೆಟ್ಟು ಅಂದ್ರೆ ಬದಿಗೆ 30. ಸಿನಿಮಾ ಹಾಡು ನಾಲ್ಕೂವರೆ, ಐದು ನಿಮಿಷ ಬರುತ್ತೆ, ಬದಿಗೆ ಆರು ಹಿಡಿಯುತ್ತೆ. 90ರದ್ದೂ ಸಿಗ್ತಿತ್ತು, ಆದ್ರೆ ಅದರ ಟೇಪು ತೆಳು, ಬೇಗ ಸಿಕ್ಕಾಕೊಳ್ಳೋದು.

ಬದಿ ಮುಗಿಯೋ ಹೊತ್ತಿಗೆ ಹಾಡು ಅರ್ಧಕ್ಕೆ ಕಟ್ಟಾದ್ರೆ ಗಿರಾಕಿ ವಾಪಸ್ ಬಂದು ಜಗಳ ತೆಗೆಯೋನು. ಅದಕ್ಕೆ ಚೀಟಿ ಕೈಗೆ ಬಂದ ಕೂಡ್ಲೆ ಒಂದೊಂದು ಹಾಡಿನ ಪಕ್ಕ ನಿಮಿಷ, ಸೆಕೆಂಡು ಬರೆದು ಕೂಡಿಸಿ, "ಇದೊಂದು ಬಿಟ್ಟುಬಿಡಿ ಸಾರ್" ಅಂತಿದ್ದೆ. ಯಾವುದನ್ನ ಬಿಡೋದು ಅಂತ ಕೌಂಟರ್ ಮುಂದೇನೇ ನಿಂತು ಯೋಚನೆ ಮಾಡೋರು. ಕೆಲವರು ಟೀ ಕುಡ್ಕೊಂಡು ಬಂದು ಹೇಳೋರು. ನೀವೂ ಒಂದು ಗಂಟೆ ಅಂತ ಗೆರೆ ಹಾಕ್ಕೊಳ್ಳಿ. ಎ ಬದಿ ಮೊದಲ್ನೇದು ಎಲ್ಲರಿಗೂ ಗೊತ್ತಿರೋ ಹಾಡಾಗಿರಲಿ. ಯಾರೂ ಕೇಳದೇ ಇರೋದನ್ನ ಬಿ ಬದಿ ಎರಡನೇದಾಗಿ ಇಡಿ. ಅಷ್ಟೊತ್ತಿಗೆ ಕೇಳೋರು ಕೂತುಬಿಟ್ಟಿರ್ತಾರೆ.

ಧಾರವಾಡ
ಅಕ್ಕಾರ, ಮಳಿ ಅಂತ ಶಬ್ದ ಹಾಕಿ ಹುಡುಕಿದ್ರ ಅರವತ್ತಲ್ಲ, ಆರನೂರು ಸಿಗ್ತಾವ. ಆ ಶಬ್ದ ಇದ್ದದ್ದೆಲ್ಲಾ ಮಳಿ ಹಾಡಲ್ಲ, ಇಲ್ಲದ ಎಷ್ಟೋ ಹಾಡು ಖರೇ ಮಳಿ ಹಾಡು ಇರ್ತಾವ. ಮಿಯಾ ಮಲ್ಹಾರ, ಗೌಡ ಮಲ್ಹಾರ, ಮೇಘ ಈ ಮಳಿಗಾಲದ ರಾಗಗಳಿಗೆ ಶಬ್ದನ ಬೇಕಾಗಿಲ್ಲ. ಆದ್ರ ಒಂದು ಖಯಾಲ್ (ರಾಗ ಬೆಳಸಿ ಹಾಡೋ ಹಿಂದೂಸ್ತಾನಿ ಪದ್ಧತಿ) ಅರ್ಧ ತಾಸು ಹಿಡೀತದ, ನಿಮ್ಮ ಒಂದು ಗಂಟ್ಯಾಗ ಹ್ಯಾಂಗ ಹಿಡಸ್ತೀರಿ? ನಾ ಹಳೇ 78 ಆರ್‌ಪಿಎಂ ಗ್ರಾಮೋಫೋನ್ ತಟ್ಟಿಗಳ ಧ್ವನಿಮುದ್ರಿಕೆ ಹುಡುಕ್ತೀನಿ. ಆ ತಟ್ಟಿ ಒಂದು ಬದಿಗೆ ಸುಮಾರು ಮೂರು ನಿಮಿಷದ್ದು, ಹಿಂಗಾಗಿ ದೊಡ್ಡ ದೊಡ್ಡ ಗವಾಯಿಗಳೂ ರಾಗಾನ ಅಷ್ಟರಾಗ ಮುಗಸ್ಯಾರ. ಗಂಗೂಬಾಯಿ ಹಾನಗಲ್ಲರು 1930ರ ದಶಕದಾಗ "ಗಾಂಧಾರಿ" ಅನ್ನೋ ಹೆಸರಲೆ ಹಾಡಿದ್ದ ತಟ್ಟಿಗಳವ. ಆಗ ಅವರ ದನಿ ಸಣ್ಣದು, ಕೇಳಿದ್ರ ಇವರ ಅವರು ಅಂತ ನಂಬಿಗಿ ಬರಂಗಿಲ್ಲ. ಸಿನಿಮಾ ಹಾಡಿನ ನಡುವ ಇಂಥಾದ್ದೊಂದು ಇಟ್ಟು ನೋಡ್ರಿ.

ಮಂಗಳೂರು
ಆರ್ಡರ್ ಎಲ್ಲ ಆಮೇಲೆ ಮಾರಾಯ್ರೆ, ಮೊದಲು ಸೌಂಡ್ ನೋಡಿ. ಅರವತ್ತರ ದಶಕದ ಹಾಡು ಮೆಲ್ಲ ಕೇಳ್ತದೆ, ಅದರ ಬೆನ್ನಿಗೆ ಈಗಿನದ್ದು ಬಂದ್ರೆ ಇಯರ್‌ಫೋನ್ ಕಿತ್ತು ಬಿಸಾಡ್ಬೇಕು ಅನಿಸ್ತದೆ. ಸ್ಪಾಟಿಫೈ ಸೆಟ್ಟಿಂಗ್ಸಲ್ಲಿ ವಾಲ್ಯೂಮ್ ನಾರ್ಮಲೈಸ್ ಮಾಡ್ಲಿಕ್ಕೆ ಉಂಟು, ಅದನ್ನು ಆನ್ ಇಡ್ಲಿಕ್ಕೆ ಗೆಳತಿಯರಿಗೆ ಹೇಳಿ. ನಿಮ್ಮದೇ ಸಿಡಿಯಿಂದ ತೆಗೆದ ಫೈಲಾದ್ರೆ ಆಡಾಸಿಟಿ ಅಂತ ಸೌಂಡ್ ಎಡಿಟ್ ಮಾಡುವ ಸಾಫ್ಟ್‌ವೇರಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ಉಂಟು, ಎಲ್ಲದಕ್ಕೂ ಮೈನಸ್ 14 LUFS (ಸೌಂಡ್ ಎಷ್ಟು ಜೋರು ಅನ್ನುವ ಅಳತೆ) ಕೊಟ್ರೆ ಆಯ್ತು. ಸ್ಪಾಟಿಫೈಯಲ್ಲಿ ಕ್ರಾಸ್‌ಫೇಡ್ (ಒಂದು ಹಾಡು ಮುಗಿಯುವ ಮೊದಲೇ ಮುಂದಿನದ್ದು ಅದರ ಮೇಲೆ ಶುರುವಾಗುವುದು) 12 ಸೆಕೆಂಡ್ ವರೆಗೆ ಇಡಬಹುದು. ನಾನು ಸೊನ್ನೆಯೇ ಇಡುವುದು. ಆಲಾಪದಿಂದ ಶುರುವಾಗುವ ಹಾಡಿನ ಮೇಲೆ ಹಿಂದಿನ ಹಾಡಿನ ತಬಲಾ ಬಂದು ಬಿದ್ರೆ ಎರಡೂ ಹಾಳು.

ಶಾರ್ಜಾ
ಬರೀ ಲಿಂಕ್ ಕಳಿಸಬೇಡಿ. ಹಾಡಿನ ಹಕ್ಕು ಒಂದೊಂದು ದೇಶಕ್ಕೆ ಒಂದೊಂದು ಥರ ಇರುತ್ತೆ. ನಿಮಗೆ ಬೆಂಗಳೂರಲ್ಲಿ ಕೇಳೋದು ನಮಗೆ ಇಲ್ಲಿ ಬೂದು ಬಣ್ಣಕ್ಕೆ ತಿರುಗಿ ಒತ್ತಿದರೂ ಅಲ್ಲಾಡಲ್ಲ. ವಾಟ್ಸ್ಆ್ಯಪ್‌ನಲ್ಲಿ ಪಟ್ಟಿಯನ್ನೇ ಬರೆದು ಹಾಕಿ: ಮೊದಲ ಸಾಲು, ಸಿನಿಮಾ, ವರ್ಷ, ಹಾಡಿದವರು. ವರ್ಷ ಬೇಕೇ ಬೇಕು, "ಮುಂಗಾರು ಮಳೆ" 2006ರದ್ದೂ ಇದೆ, 2016ರಲ್ಲಿ ಬಂದ ಎರಡನೆಯದೂ ಇದೆ. ಭಾವಗೀತೆಯಾದರೆ ಹಾಡಿದವರ ಹೆಸರಿಲ್ಲದೆ ಕೆಲಸವೇ ಆಗಲ್ಲ, ಒಂದೇ ಕವಿತೆಗೆ ಎರಡು ಮೂರು ಧಾಟಿ ಇರುತ್ತೆ. ಇದರ ಜೊತೆಗೆ ಯೂಟ್ಯೂಬಲ್ಲಿ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗೆ ಮಾತ್ರ ಕಾಣೋ) ಪ್ಲೇಲಿಸ್ಟ್ ಮಾಡಿಡಿ, ಅದನ್ನು ತೆರೆಯೋಕೆ ಯಾರಿಗೂ ಖಾತೆ ಬೇಡ. ಜ್ಯೂಕ್‌ಬಾಕ್ಸ್ ವಿಡಿಯೋ ಮಾತ್ರ ಸೇರಿಸಬೇಡಿ, ಒಂದು ಹಾಡು ಕೇಳೋಕೆ ಹೋದರೆ ಇಡೀ ಸಿನಿಮಾದ ಹಾಡು ಬಡಿಯುತ್ತೆ.

ಇನ್ನೊಂದು ಮಾತು. ನಿಮ್ಮ ದುಬೈ ಗೆಳತಿ ಇದನ್ನ ಕೇಳೋದು ಜೂನ್‌ನಲ್ಲಿ, 40 ಡಿಗ್ರಿ ದಾಟಿದ ಬಿಸಿಲಲ್ಲಿ, ಕಾರೊಳಗೆ ಏಸಿ ಹಾಕ್ಕೊಂಡು. ಕಿಟಕಿ, ಕಾಫಿ, ಬಜ್ಜಿ ಅಂತ ಹಾಡು ಜೋಡಿಸಿದರೆ ಅವಳು ಒಂದೆರಡು ಕೇಳಿ ಬಿಡ್ತಾಳೆ. ಮಳೆಗೆ ಕಾಯೋ ಹಾಡೂ ಒಂದೆರಡು ಇರಲಿ.

ತೀರ್ಥಹಳ್ಳಿ
ಸಾಲು ಹೇಗೆ ಅಂತ ಕೇಳಿದಿರಲ್ಲ, ನಮ್ಮ ಕಡೆಯ ಲೆಕ್ಕ ಹಿಡಿಯಿರಿ. ಇಲ್ಲಿ ಮಳೆ ಅಂದರೆ ಒಂದೇ ಮಳೆ ಅಲ್ಲ, ನಕ್ಷತ್ರಕ್ಕೊಂದು ಮಳೆ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಅಣ್ಣನ ಮಗಳಿಗೆ ನಾನು ಇದೇ ಸಾಲಲ್ಲಿ ಜೋಡಿಸಿಕೊಟ್ಟಿದ್ದೆ. ಮೃಗಶಿರಕ್ಕೆ ಡೊಳ್ಳು, ಆರಿದ್ರಾಕ್ಕೆ ನಾಟಿ ಹಾಕುವಾಗಿನ ಜನಪದ. ಪುಷ್ಯದಲ್ಲಿ ದಿನವಿಡೀ ಬಿಡದೆ ಹುಯ್ಯುತ್ತದೆ, ಒಲೆ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಅದಕ್ಕೆ ನಿಧಾನದ ಭಾವಗೀತೆ, ಎರಡಾದರೂ ಬೇಕು. "ತುಂತುರು ಅಲ್ಲಿ ನೀರ ಹಾಡು" (ಅಮೃತವರ್ಷಿಣಿ, 1997) ಮಳೆ ಕಡಿಮೆಯಾಗುವ ಹೊತ್ತಿನದು, ಉತ್ತರೆಯ ಹತ್ತಿರ ಇಡಿ. "ಸ್ವಾತಿ ಮುತ್ತಿನ ಮಳೆ ಹನಿಯೇ" (ಬಣ್ಣದ ಗೆಜ್ಜೆ, 1990) ಹಾಡನ್ನು ಎಲ್ಲರೂ ತಂದು ಮೊದಲಿಗೇ ತುರುಕುತ್ತಾರೆ. ಸ್ವಾತಿ ಮಳೆ ಬರುವುದು ಅಕ್ಟೋಬರ್ ಕೊನೆಗೆ, ಅಡಿಕೆ ಕೊಯ್ಲಿನ ತಯಾರಿ ಹೊತ್ತಿಗೆ. ಅದು ಕೊನೆಯ ಹಾಡು.

ಹಾಸನ
ಹಾಡುಗಳ ಮಧ್ಯೆ ನಿಮ್ಮ ದನಿಯನ್ನೂ ಹಾಕಿ. ವಿವಿಧ ಭಾರತಿಯಲ್ಲಿ ಚಿತ್ರ, ಗೀತರಚನೆ, ಸಂಗೀತ, ಗಾಯನ ಎಲ್ಲ ಹೇಳಿ, ಕೋರಿದವರ ಊರು ಹೆಸರು ಓದ್ತಿದ್ದರಲ್ಲ, ಹಾಗೆ. ನಾವು ಕಸಿನ್ಸ್ ಎಲ್ಲ ಹೀಗೇ ಹತ್ತು ಸೆಕೆಂಡಿನ ವಾಯ್ಸ್ ನೋಟ್ ಕಳಿಸ್ತೀವಿ: "ಈ ಗೀತೆಯನ್ನು ಕೋರಿದವರು, ಮೂರನೇ ಮಹಡಿ ಬಾತ್‌ರೂಮಿನಿಂದ…" ಹಾಡು ಕೇಳದವರೂ ಅದನ್ನ ಕೇಳ್ತಾರೆ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ನಕ್ಷತ್ರದ ಸಾಲನ್ನೇ ಹಿಡಿದೆ. ಹದಿಮೂರಕ್ಕೆ ಇಳಿದಿದೆ, ಮೂರು ನಿಮಿಷದ ತಟ್ಟೆಯೂ ಅದರಲ್ಲಿ ಸೇರಿದೆ. ಹಾಸ್ಟೆಲ್ ವಾರ್ಡನ್ ದನಿಯಲ್ಲಿ ಪ್ರಕಟಣೆ ಮಾಡೋಣ ಅಂತಿದ್ದೀನಿ. ಒಂದೇ ತಕರಾರು: "ಮಳೆ ನಿಂತು ಹೋದ ಮೇಲೆ" (ಮಿಲನ, 2007) ನನಗೆ ಬೇಕೇ ಬೇಕು, ಹೆಸರೇ ಹೇಳೋ ಹಾಗೆ ಅದಲ್ಲವಾ ಕೊನೇ ಹಾಡು?

ತೀರ್ಥಹಳ್ಳಿ
ಸ್ವಾತಿ ಆದ ಮೇಲೆ ವಿಶಾಖೆ ಇದೆ. ಅಲ್ಲಿ ಇಟ್ಟುಕೊಳ್ಳಿ, ನನ್ನ ಅಭ್ಯಂತರ ಇಲ್ಲ.