ಥರ್ಮೋಡೈನಾಮಿಕ್ಸ್ ಲೆಕ್ಕ ಕೈಗೆ ಹತ್ತುತ್ತಿಲ್ಲ, ನೀವೆಲ್ಲ ಹೇಗೆ ಓದಿದಿರಿ?

ಡಿಪ್ಲೊಮಾ ಮುಗಿಸಿ ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಮೂರನೇ ಸೆಮಿಸ್ಟರಿಗೆ ಸೇರಿದ್ದೇನೆ. ತರಗತಿಯಲ್ಲಿ ಎಲ್ಲವೂ ತಿಳಿದಂತಿರುತ್ತದೆ. ಲೆಕ್ಕಕ್ಕೆ ಕುಳಿತರೆ ಉತ್ತರ ಒಮ್ಮೆ ಪ್ಲಸ್, ಒಮ್ಮೆ ಮೈನಸ್. ಸ್ಟೀಮ್ ಟೇಬಲ್ (ನೀರು-ಹಬೆಯ ಗುಣಗಳ ಪಟ್ಟಿ) ತೆರೆದರಂತೂ ದಿಕ್ಕು ತೋಚುವುದಿಲ್ಲ. ಹಿರಿಯರು ದಾರಿ ತೋರಿಸಿ.

ಬೆಳಗಾವಿ, ಪಾಠ ಹೇಳುವವನು:
ತಮ್ಮಾ, ಸೂತ್ರಕ್ಕೆ ಕೈಹಾಕುವ ಮೊದಲು ಚಿತ್ರ ಬರೆದು ವ್ಯವಸ್ಥೆಯ ಸುತ್ತ ಚುಕ್ಕೆಗೆರೆ ಎಳೆ. ಗೆರೆ ದಾಟಿ ಒಳಗೆ ಬಂದದ್ದೇನು, ಹೊರಗೆ ಹೋದದ್ದೇನು? ಸಿಲಿಂಡರಿನ ಅನಿಲಕ್ಕೆ 50 ಕಿಲೋಜೂಲ್ ಶಾಖ ಕೊಟ್ಟೆ, ಅದು ಪಿಸ್ಟನ್ ತಳ್ಳಿ 20 ಕಿಲೋಜೂಲ್ ಕೆಲಸ ಮಾಡಿತು. ಒಳಶಕ್ತಿ 30 ಹೆಚ್ಚಿತು. ಪಿಯುಸಿಯಿಂದ ಬಂದವರ ಗೊಂದಲ ಬೇರೆ: ರಸಾಯನಶಾಸ್ತ್ರದಲ್ಲಿ ವ್ಯವಸ್ಥೆಯ ಮೇಲೆ ನಡೆದ ಕೆಲಸ ಪ್ಲಸ್, ನಮ್ಮಲ್ಲಿ ವ್ಯವಸ್ಥೆಯೇ ಮಾಡಿದ ಕೆಲಸ ಪ್ಲಸ್. ಎರಡೂ ಸರಿ, ಒಂದೇ ಲೆಕ್ಕದಲ್ಲಿ ಬೆರೆಸಬಾರದು ಅಷ್ಟೇ.

ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆ, ಬಾಯ್ಲರ್ ವಿಭಾಗ:
ಸ್ಟೀಮ್ ಟೇಬಲ್ಲಿನಲ್ಲಿ ಇರುವುದು ನಿರಪೇಕ್ಷ ಒತ್ತಡ. ಗೇಜ್ 9 ಬಾರ್ ತೋರಿಸಿದರೆ ವಾತಾವರಣದ ಒಂದನ್ನು ಸೇರಿಸಿ 10ರ ಸಾಲು ನೋಡಬೇಕು. ಅಲ್ಲಿ ನೀರು ಕುದಿಯುವುದು ಸುಮಾರು 180 ಡಿಗ್ರಿಗೆ. (ನೂರಕ್ಕೇ ಕುದಿಯುತ್ತದೆಂಬ ಬಾಯಿಪಾಠ ಬಿಡಿ; ಬೆಳಗಾವಿಯ ಎತ್ತರದಲ್ಲಿ 97–98ಕ್ಕೇ ಕುದಿಯುತ್ತದೆ.) ಹಬೆಯ ಶುಷ್ಕತೆ 0.9 (ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹಬೆ, ಉಳಿದದ್ದು ನೀರು) ಎಂದಿದ್ದರೆ ಅದರ ಎಂಥಾಲ್ಪಿ (ಒಳಶಕ್ತಿಗೆ ಒತ್ತಡ × ಗಾತ್ರ ಸೇರಿಸಿದ್ದು) 763 + 0.9 × 2015, ಅಂದರೆ ಕಿಲೋಗೆ ಸುಮಾರು 2,577 ಕಿಲೋಜೂಲ್. 763 ಕುದಿಯುವ ನೀರಿನದು, 2015 ಅದನ್ನು ಹಬೆಯಾಗಿಸುವ ಗುಪ್ತೋಷ್ಣ; ಆ 2015 ಎಷ್ಟು ದೊಡ್ಡದು ನೋಡಿ! ಕಬ್ಬಿನ ಸಿಪ್ಪೆ ಉರಿಸಿ ಮಾಡಿದ ಹಬೆ ನಮ್ಮಲ್ಲಿ ಟರ್ಬೈನ್ ತಿರುಗಿಸಿದ ಮೇಲೂ ಕಡಿಮೆ ಒತ್ತಡದಲ್ಲಿ ಕಬ್ಬಿನ ರಸವನ್ನು ಕಾಯಿಸಿ ಗಟ್ಟಿ ಮಾಡಲು ಹೋಗುತ್ತದೆ. ವಿದ್ಯುತ್ತಿಗಾಗಿ ಮಾತ್ರ ನಡೆಯುವ ಸ್ಥಾವರ ಆ ಗುಪ್ತೋಷ್ಣವನ್ನು ಕಂಡೆನ್ಸರಿನಲ್ಲಿ ಚೆಲ್ಲಲೇಬೇಕು. ಶಾಖವನ್ನೆಲ್ಲ ಕೆಲಸವಾಗಿಸುವ ಎಂಜಿನ್ ಸಾಧ್ಯವಿಲ್ಲ ಎಂಬ ಎರಡನೇ ನಿಯಮ ನನಗೆ ತಲೆಗೆ ಹೋದದ್ದು ಇಲ್ಲಿ, ಕಾಲೇಜಿನಲ್ಲಿ ಅಲ್ಲ.

ವಿಜಯಪುರ, ಕೊನೆಯ ವರ್ಷ:
ಕಾರ್ಖಾನೆ ನೋಡಿದರೆ ವಿಷಯ ಬರುತ್ತದೆಂದು ನಾನು ಒಪ್ಪುವುದಿಲ್ಲ ಅಣ್ಣ. ಕೂಡಗಿ ಉಷ್ಣವಿದ್ಯುತ್ ಸ್ಥಾವರದಲ್ಲಿ 800 ಮೆಗಾವಾಟ್‌ನ ಮೂರು ಘಟಕಗಳಿವೆ, ಮೂರೂ ಸೂಪರ್‌ಕ್ರಿಟಿಕಲ್. ಹೊರಗಿನಿಂದ ಕಾಣುವುದು ಕೊಳವೆ, ಚಿಮಣಿ. ಒಳಗೆ ಒತ್ತಡ ನೀರಿನ ಕ್ರಿಟಿಕಲ್ ಮಿತಿಯಾದ 221 ಬಾರ್ ಮೀರಿರುವುದರಿಂದ ನೀರು ಗುಳ್ಳೆಯೆದ್ದು ಕುದಿಯದೆಯೇ ಹಬೆಯಾಗುತ್ತದೆ ಎಂಬುದು ತಿಳಿಯುವುದು ಟಿ-ಎಸ್ (ತಾಪಮಾನ-ಎಂಟ್ರೋಪಿ) ರೇಖಾಚಿತ್ರದಲ್ಲೇ. ಪ್ರತಿ ಲೆಕ್ಕಕ್ಕೂ ಅದನ್ನು ಕೈಯಿಂದ ಬರೆಯಿರಿ.

ಗೋಕಾಕ:
ಕೆಲ್ವಿನ್ (ಸೆಲ್ಸಿಯಸ್‌ಗೆ 273 ಸೇರಿಸಿದ್ದು) ಮರೆಯಬೇಡಿ. ಮುಚ್ಚಿದ ಡಬ್ಬಿಯ ಗಾಳಿ 27ರಿಂದ 127 ಡಿಗ್ರಿಗೆ ಏರಿದರೆ ಒತ್ತಡ ಐದು ಪಟ್ಟಾಗುವುದಿಲ್ಲ. 300ರಿಂದ 400 ಕೆಲ್ವಿನ್, ಮೂರನೇ ಒಂದು ಭಾಗವಷ್ಟೇ ಹೆಚ್ಚುತ್ತದೆ. ವ್ಯತ್ಯಾಸ ಮಾತ್ರ ಬೇಕಾದಾಗ ಸೆಲ್ಸಿಯಸ್ ಸಾಕು.

ಕೇಳಿದವನು:
ಎಲ್ಲರಿಗೂ ವಂದನೆ. ಸರ್, ಯಾವ ಸ್ಟೀಮ್ ಟೇಬಲ್ ಕೊಳ್ಳಲಿ?

ಬೆಳಗಾವಿ, ಪಾಠ ಹೇಳುವವನು:
ಪರೀಕ್ಷೆಯಲ್ಲಿ ಯಾವುದಕ್ಕೆ ಅನುಮತಿ ಇದೆಯೆಂದು ವಿಭಾಗದಲ್ಲಿ ಕೇಳಿ, ಅದನ್ನೇ ಕೊಳ್ಳು. ಕೆಲವು ಪುಸ್ತಕಗಳಲ್ಲಿ ಒತ್ತಡ ಬಾರ್‌ನಲ್ಲಿ, ಕೆಲವದರಲ್ಲಿ ಕಿಲೋಪಾಸ್ಕಲ್‌ನಲ್ಲಿ ಇರುತ್ತದೆ.